ಅಳತೆಗೆ ನಿಂತವಳು

ನಮ್ಮ ನಡುಮನೆಯ ಗೋಡೆಯ ಮೇಲೆ ಅಮ್ಮನದೊಂದು ಫೋಟೋ ಇದೆ. ಬಂದವರೆಲ್ಲ ನೋಡಿ, “ಎಷ್ಟು ಲಕ್ಷಣವಾಗಿದ್ದರು! ಆದರೆ ಯಾಕೆ ಹೀಗೆ ಓರೆಯಾಗಿ, ಯಾರೋ ಬೈದವರ ಹಾಗೆ ನಿಂತಿದ್ದಾರೆ?” ಎನ್ನುತ್ತಾರೆ. ಅದು ಸ್ಟುಡಿಯೋದಲ್ಲಿ ತೆಗೆಸಿದ್ದಲ್ಲ. ಅಮ್ಮನಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಅವಳು ಒರಗಿ ನಿಂತದ್ದು ಕುದುರೆಮುಖದ ಒಂದು ಕಬ್ಬಿಣದ ಬಂಡೆಗೆ. ಬಂಡೆ ಈಗ ಫೋಟೋದಲ್ಲಿಲ್ಲ. ಯಾಕಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಬರಹ ಶುರುಮಾಡಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

1960ರ ದಶಕದಲ್ಲಿ ಕುದುರೆಮುಖದ ಸುತ್ತ ಅದಿರಿನ ಪರಿಶೋಧನೆ ನಡೆಯುತ್ತಿದ್ದಾಗ ನಮ್ಮ ಅಪ್ಪ ಆ ಕ್ಯಾಂಪಿನಲ್ಲಿ ದಿನಗೂಲಿಗೆ ಕಲ್ಲಿನ ಚೀಲ ಹೊರುತ್ತಿದ್ದರು. ಏಳನೇ ಕ್ಲಾಸು ಓದಿದ್ದರಿಂದ ಚೀಲಕ್ಕೆ ನಂಬರು ಬರೆಯುವ ಕೆಲಸವೂ ಸಿಕ್ಕಿತು. ಆಗ ಅಲ್ಲಿಗೆ ಬಸ್ಸಿಲ್ಲ, ಪೇಟೆಯಿಲ್ಲ. ಕಳಸದಿಂದ ಸಂಸೆ, ಸಂಸೆಯಿಂದ ಮುಂದೆ ಕಾಲುದಾರಿ, ಇಂಬಳ, ಮಳೆ. ಹೊಸದಾಗಿ ಮದುವೆಯಾದ ಅಮ್ಮ ಒಮ್ಮೆ ತಮ್ಮನ ಜೊತೆ ಉಪ್ಪಿನಕಾಯಿ, ಹಪ್ಪಳ ಕಟ್ಟಿಕೊಂಡು ನಡೆದೇ ಅಲ್ಲಿಗೆ ಹೋಗಿದ್ದಳಂತೆ. ಅಲ್ಲಿದ್ದ ಭೂವಿಜ್ಞಾನಿಯೊಬ್ಬರು ಅವಳನ್ನು ನೋಡಿ, “ತಾಯಿ, ಸ್ವಲ್ಪ ಆ ಬಂಡೆಯ ಪಕ್ಕ ನಿಲ್ಲುತ್ತೀರಾ?” ಎಂದು ಕೇಳಿದರಂತೆ. ಪರಗಂಡಸು ಕ್ಯಾಮೆರಾ ಹಿಡಿದು ಹೀಗೆ ಕೇಳಿದರೆ ಯಾರು ತಾನೇ ಓರೆಯಾಗಿ ನಿಲ್ಲುವುದಿಲ್ಲ! ಕೆಲವು ತಿಂಗಳ ಮೇಲೆ ಆ ಪುಣ್ಯಾತ್ಮರು ಅಂಚೆಯಲ್ಲಿ ಒಂದು ಪ್ರತಿ ಕಳಿಸಿಕೊಟ್ಟರು. ನೆಗೆಟಿವ್ ಅವರ ಜೊತೆಗೇ ಹೋಯಿತು.

1992ರಲ್ಲಿ ಅಮ್ಮ ತೀರಿಕೊಂಡಳು. ಹದಿನಾಲ್ಕನೇ ದಿನ ಕಳೆದ ಮೇಲೆ ನಾನು ಆ ಫೋಟೋ ತೆಗೆದುಕೊಂಡು ಕತ್ತರಿ ಹಿಡಿದೆ. ಪರ್ಸಿನಲ್ಲಿ ಹಿಡಿಸಬೇಕಿತ್ತು, ಅಷ್ಟೇ. ಬಂಡೆ, ಹುಲ್ಲುಗುಡ್ಡ, ಹಿಂದಿನ ಬೆಟ್ಟದ ಸಾಲು, ಎಲ್ಲವನ್ನೂ ಸುತ್ತಲಿಂದ ಕತ್ತರಿಸಿ ಅಮ್ಮನನ್ನು ಮಾತ್ರ ಇಟ್ಟುಕೊಂಡೆ. ಉಳಿದ ಚೂರುಗಳು ಬಚ್ಚಲ ಒಲೆಗೆ ಹೋದವು. ನಾನಾಗ ಬಿಎಡ್ ಮುಗಿಸಿ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡಲು ಶುರುಮಾಡಿದ್ದವಳು. ‘ಆಕರಗಳನ್ನು ಕಾಪಾಡುವುದು’ ಎಂಬ ಪಾಠವನ್ನು ಮಕ್ಕಳಿಗೆ ಮಾಡುತ್ತಿದ್ದವಳು!

ಅದೇ ಫೋಟೋವನ್ನು ದೊಡ್ಡದು ಮಾಡಿಸಲು ಎಷ್ಟೋ ವರ್ಷಗಳ ಮೇಲೆ ಪರ್ಸಿನಿಂದ ತೆಗೆದಾಗ ಹಿಂಭಾಗ ನೋಡಿದೆ. ಪೆನ್ಸಿಲಿನಲ್ಲಿ ಇಂಗ್ಲಿಷಿನ ಅರ್ಧ ವಾಕ್ಯ. ಊರಿನ ಹೆಸರು, ತಾರೀಕು ನನ್ನ ಕತ್ತರಿಗೆ ಹೋಗಿದ್ದವು. ಉಳಿದಿದ್ದ ಮಾತಿನ ಅರ್ಥ, ‘ಅಳತೆಗಾಗಿ ನಿಂತ ವ್ಯಕ್ತಿ’ ಎಂದು. ಮೊದಲು ಸಿಟ್ಟು ಬಂತು. ನಮ್ಮಮ್ಮ ಏನು ಗಜಕಡ್ಡಿಯೇ?

ಆಮೇಲೆ ಅಪ್ಪನನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡೆ. ಭೂವಿಜ್ಞಾನಿಗಳು ಬಂಡೆಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ, ನಾಣ್ಯವನ್ನೋ, ಪೆನ್ನಿನ ಮುಚ್ಚಳವನ್ನೋ ಇಡುತ್ತಾರೆ. ದೊಡ್ಡ ಬಂಡೆಯಾದರೆ ಮನುಷ್ಯರನ್ನೇ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಬೆಣಚುಕಲ್ಲೂ ಬೆಟ್ಟವೂ ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ. ಯಾವ ದಿಕ್ಕಿಗೆ ನೋಡಿ ತೆಗೆದದ್ದು, ಯಾವ ದಿನ, ಎಲ್ಲಿ ನಿಂತು, ಎಲ್ಲವನ್ನೂ ಬರೆಯುತ್ತಾರೆ. ಮುಂದೊಂದು ದಿನ ಇನ್ನೊಬ್ಬರು ಅದೇ ಜಾಗದಲ್ಲಿ ನಿಂತು ನೋಡಲಿ ಎಂದು. ಅಪ್ಪ ಅದನ್ನು ಅವರಿಂದಲೇ ಕಲಿತಿದ್ದರು. ಆದರೆ ಕುದುರೆಮುಖದಲ್ಲಿ ದಿಕ್ಕು ಬರೆಯುವುದು ಸುಲಭವಿರಲಿಲ್ಲವಂತೆ. ಅಲ್ಲಿಯ ಅದಿರು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತದ ಗುಣವಿರುವ ಕಬ್ಬಿಣದ ಕಲ್ಲು. ಅದರ ಮೇಲೆ ದಿಕ್ಸೂಚಿ ಇಟ್ಟರೆ ಮುಳ್ಳು ಉತ್ತರ ಬಿಟ್ಟು ತನಗೆ ತೋಚಿದ ಕಡೆ ತಿರುಗುತ್ತದೆ. “ಅಲ್ಲಿ ಸೂರ್ಯನನ್ನೇ ನಂಬಬೇಕು; ಸೂರ್ಯ ಮಳೆಗಾಲದಲ್ಲಿ ರಜೆ” ಎಂದು ಅಪ್ಪ ನಗುತ್ತಿದ್ದರು.

ಈ ಕಲ್ಲಿನ ಕಥೆ ಹಳೆಯದು. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಕಟ್ಟಿತು. ಸ್ಮೀತ್ ಎಂಬ ಅಧಿಕಾರಿಯ ಕಾಲದಲ್ಲಿ ಇಲಾಖೆಯವರು ಸಂಸ್ಥಾನದ ಮೂಲೆಮೂಲೆಯನ್ನೂ ಕಾಲ್ನಡಿಗೆಯಲ್ಲಿ ಸುತ್ತಿ ನಕ್ಷೆ ಬರೆದರು. ಅವರಲ್ಲೊಬ್ಬರಾದ ಪಿ. ಸಂಪತ್ ಅಯ್ಯಂಗಾರ್ 1913ರಲ್ಲಿ ಕುದುರೆಮುಖದ ಅದಿರನ್ನು ಗುರುತಿಸಿದರು. ನಮ್ಮ ಕಡೆಯವರು ಆ ಬೆಟ್ಟಕ್ಕೆ ಸಂಸೆಪರ್ವತ ಎನ್ನುತ್ತಿದ್ದರು. ಕುದುರೆಯ ಮುಖ ಕಂಡದ್ದು ಕೆಳಗೆ ಕರಾವಳಿಯ ಕಡೆಯವರಿಗೆ. ಒಂದೇ ಬೆಟ್ಟಕ್ಕೆ ನೋಡುವವರು ನಿಂತ ಜಾಗಕ್ಕೆ ತಕ್ಕಂತೆ ಹೆಸರು. ಫೋಟೋ ತೆಗೆಯುವವರು ಇದನ್ನು ಮೊದಲ ಪಾಠವಾಗಿ ಕಲಿಯಬೇಕು ಅನ್ನಿಸುತ್ತದೆ.

ಬಾಬಾಬುಡನ್ ಗಿರಿಯ ಕಡೆ ಅಷ್ಟು ಕಾಯಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿಗೆ ಇಳಿಯಿತು. ಊರಿನ ಹೆಸರೇ ಕೆಂಪು ಮಣ್ಣಿನ ಗುಂಡಿ. ಈಗ ನಾವು ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿ ಹೂವಿನ ತೋಟ ತೋರಿಸಿ, ವಾಂಗಿಭಾತ್ ಕಟ್ಟು ಬಿಚ್ಚಿ, ವಾಪಸು ಬರುತ್ತೇವೆ. ಗುಂಡಿ ತೋಡಿದವರು ಯಾರೆಂದು ಕೇಳುವ ಮಗು ಸಿಕ್ಕಿದ ವರ್ಷ ನನಗೆ ಹಬ್ಬ.

ಹೊರಗಿನ ದೇಶಗಳಲ್ಲಿ ನೆಲದ ಫೋಟೋಕ್ಕೆ ಎಂಥ ಬೆಲೆ ಬಂದಿತ್ತು ಎಂದು ಓದಿದಾಗ ಆಶ್ಚರ್ಯವಾಗುತ್ತದೆ. 1871ರಲ್ಲಿ ಅಮೆರಿಕದ ಹೇಡನ್ ಎಂಬ ಭೂವಿಜ್ಞಾನಿ ಯೆಲ್ಲೊಸ್ಟೋನ್ ಕಣಿವೆಗೆ ಹೊರಟಾಗ ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಫೋಟೋಗ್ರಾಫರನ್ನು ಕರೆದುಕೊಂಡು ಹೋದ. ಜಾಕ್ಸನ್ ಗಾಜಿನ ಪ್ಲೇಟುಗಳನ್ನೂ ರಾಸಾಯನಿಕಗಳನ್ನೂ ಹೇಸರಗತ್ತೆಯ ಮೇಲೆ ಹೇರಿಕೊಂಡು ಹೋಗಿ ಚಿತ್ರ ತೆಗೆದ. ಆ ಚಿತ್ರಗಳು ಅಲ್ಲಿಯ ಸಂಸತ್ತಿನವರ ಕಣ್ಣಿಗೆ ಬಿದ್ದವು. 1872ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. 1880ರ ದಶಕದ ಕೊನೆಯಲ್ಲಿ ಫಿನ್‌ಸ್ಟರ್‌ವಾಲ್ಡರ್ ಎಂಬಾತ ಆಲ್ಪ್ಸ್ ಪರ್ವತದ ಹಿಮನದಿಗಳನ್ನು ಫೋಟೋಗಳಿಂದಲೇ ಅಳೆಯಲು ಹೊರಟ. ಕೆಲವು ವರ್ಷ ಬಿಟ್ಟು ಮತ್ತೆ ಅಲ್ಲೇ ನಿಂತು ತೆಗೆದರೆ ಹಿಮ ಎಷ್ಟು ಹಿಂದೆ ಸರಿದಿದೆ ಎಂದು ಲೆಕ್ಕ ಸಿಗುತ್ತದೆ. ನಮ್ಮ ದೇಶದಲ್ಲೂ 1897ರ ಅಸ್ಸಾಂ ಭೂಕಂಪದ ಮೇಲೆ ಓಲ್ಡ್‌ಹ್ಯಾಮ್ ಬರೆದ ವರದಿಯಲ್ಲಿ ಉರುಳಿದ ಕಟ್ಟಡಗಳ ಫೋಟೋಗಳಿವೆ.

ನಮ್ಮ ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಕ್ಯಾಂಪು ಮುಗಿದ ಮೇಲೆ ಕಳಸದಲ್ಲಿ ಅಂಗಡಿ ಲೆಕ್ಕ ಬರೆಯಲು ಸೇರಿದರು. ಸಂಬಳದಲ್ಲಿ ಉಳಿಸಿ ಒಂದು ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಕೊಂಡರು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಅದರಲ್ಲಿ ಎಂಟು ಬೆಟ್ಟ, ಹೊಳೆ, ಬಂಡೆ, ನಾಲ್ಕು ನಾವು. ಅಮ್ಮ ಗೊಣಗುತ್ತಿದ್ದಳು: “ಬೆಟ್ಟ ಎಲ್ಲಿಗೆ ಓಡಿಹೋಗುತ್ತದೆ? ಮಕ್ಕಳು ಬೆಳೆದುಬಿಡುತ್ತವೆ.” ಗೊಣಗುತ್ತಲೇ ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದಳು, ಲೆನ್ಸಿಗೆ ಬೂಷ್ಟು ಹಿಡಿಯಬಾರದೆಂದು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಎಲ್ಲಕ್ಕೂ ಬೂಷ್ಟು. ಅಪ್ಪನ ನೆಗೆಟಿವ್‌ಗಳಲ್ಲಿ ಅರ್ಧಕ್ಕರ್ಧ ಹಾಗೇ ಹೋದವು.

ಬೆಟ್ಟ ಓಡಿಹೋಗುವುದಿಲ್ಲ ಎಂದ ಅಮ್ಮನ ಮಾತು ಸುಳ್ಳಾಗಿದ್ದನ್ನು ಅವಳೇ ನೋಡಿದಳು. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಯಿತು, 63 ಕೋಟಿ ಡಾಲರ್ ಸಾಲದ ಮಾತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಅದು ನೀರಾವರಿಗೆ ಅಲ್ಲ, ಅದಿರು ತೊಳೆದು ಉಳಿದ ಕೆಸರನ್ನು ಹಿಡಿದಿಡಲಿಕ್ಕೆ. ಅಲ್ಲಿಯ ಕಲ್ಲಿನಲ್ಲಿ ಕಬ್ಬಿಣ ಶೇಕಡಾ ನಲವತ್ತಕ್ಕಿಂತ ಕಡಿಮೆ. ಆದ್ದರಿಂದ ಪುಡಿ ಮಾಡಿ, ತೊಳೆದು, ಸಾರ ಮಾತ್ರ ತೆಗೆದು, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ನೀರಿನ ಜೊತೆ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಅಲ್ಲಿಯವರು ಕೈಬಿಟ್ಟರೂ ಕೆಲಸ ನಿಲ್ಲಲಿಲ್ಲ. ಮಲ್ಲೇಶ್ವರದಲ್ಲಿ ದೊಡ್ಡ ಟೌನ್‌ಶಿಪ್ ಬಂತು. ಶಾಲೆ, ಆಸ್ಪತ್ರೆ, ಸಿನಿಮಾ. ನಮ್ಮ ಕಡೆಯ ಎಷ್ಟೋ ಮನೆಗಳ ಒಲೆ ಆ ಸಂಬಳದಿಂದ ಉರಿಯಿತು. ಇದನ್ನು ಮರೆತು ಬರೆಯುವುದು ಸರಿಯಲ್ಲ. ಆ ಟೌನ್‌ಶಿಪ್ಪಿನಲ್ಲಿ ಗ್ಯಾಸಿನ ಒಲೆ ಮೊದಲು ಕಂಡ ನನ್ನ ಚಿಕ್ಕಮ್ಮ ಅದನ್ನೇ ಒಂದು ವರ್ಷ ವರ್ಣಿಸಿದಳು.

1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ಗಣಿಯೂ ಉದ್ಯಾನವೂ ಒಂದೇ ಬೆಟ್ಟದಲ್ಲಿ ಸಂಸಾರ ಮಾಡಬೇಕಾಯಿತು. ಜಗಳ ಬೆಳೆದು ನ್ಯಾಯಾಲಯಕ್ಕೆ ಹೋಯಿತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರು ಆ ಮೊಕದ್ದಮೆಯಲ್ಲಿದೆ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಭದ್ರೆಯ ನೀರಿನಲ್ಲಿ ಬರುವ ಮಣ್ಣನ್ನು ಅಳೆದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಲಾನಯನದ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದ ಗಣಿಪ್ರದೇಶದಿಂದ ಹೊಳೆಯ ಅರ್ಧಕ್ಕಿಂತ ಹೆಚ್ಚು ಹೂಳು ಬರುತ್ತಿತ್ತು. ಅಂಕಿ ಓದಿದಾಗ ನನಗೆ ಅಪ್ಪನ ಫೋಟೋಗಳ ನೆನಪಾಯಿತು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಹೆಬ್ಬಾಳೆ ಸೇತುವೆ ಇದೆಯಲ್ಲ, ಜೋರು ಮಳೆಗೆ ಮುಳುಗಿ ಪೇಪರಿನಲ್ಲಿ ಹೆಸರು ಬರುವ ಸೇತುವೆ, ಅಲ್ಲಿ ಅಪ್ಪ ಬೇಸಿಗೆಯಲ್ಲಿ ತೆಗೆದ ಮೂರು ಚಿತ್ರಗಳು ಬೂಷ್ಟಿನಿಂದ ಪಾರಾಗಿದ್ದವು. ಮೊದಲನೆಯದರಲ್ಲಿ ನನ್ನ ಅಣ್ಣ ಹೊಳೆಯಲ್ಲಿ ಒಂದು ಕಲ್ಲಿನ ಪಕ್ಕ ನಿಂತಿದ್ದಾನೆ. ಕಲ್ಲು ಅವನ ಎದೆಯವರೆಗೆ. ಕೊನೆಯದರಲ್ಲಿ ನಾನು, ಕಾಲೇಜು ಹುಡುಗಿ; ಅದೇ ಕಲ್ಲು ನನ್ನ ಮೊಣಕಾಲಿಗಿಂತ ಕೆಳಗೆ. ನಾವು ಬೆಳೆದದ್ದನ್ನು ಕಳೆದರೂ ಲೆಕ್ಕ ಸರಿಹೋಗುವುದಿಲ್ಲ. ಕಲ್ಲು ಹೂಳಿನಲ್ಲಿ ಇಳಿಯುತ್ತಿತ್ತು. ಅದೆಲ್ಲವೂ ಗಣಿಯದ್ದೇ ಮಣ್ಣು ಎಂದು ಮೂರು ಫೋಟೋ ಇಟ್ಟುಕೊಂಡು ನಾನು ಸಾಧಿಸಲಾರೆ. ತೋಟಕ್ಕೆಂದು ಕಡಿದ ಗುಡ್ಡಗಳೂ ಇದ್ದವು, ರಸ್ತೆಗಳೂ ಇದ್ದವು. ಆದರೆ ನಮ್ಮನ್ನು ಅಳತೆಗೋಲಾಗಿ ನಿಲ್ಲಿಸಿದ್ದರಿಂದ ಇಷ್ಟಾದರೂ ತಿಳಿಯಿತು.

ನಮ್ಮ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ತಿರುಗಿದರು. ಹಕ್ಕಿಗೆ ಅಂಥವರು ಸಿಕ್ಕರು. ಗುಡ್ಡಕ್ಕೆ, ತೋಡಿಗೆ, ದರೆಗೆ ಫೋಟೋಗ್ರಾಫರು ಸಿಗುವುದು ಅವು ಜಾರಿದ ಮೇಲೆ.

2019ರ ಆಗಸ್ಟಿನ ಎರಡನೇ ವಾರವನ್ನು ಈ ಕಡೆಯ ಹೆಂಗಸರಾರೂ ಮರೆಯುವುದಿಲ್ಲ. ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳು ಜಾರಿದವು. ಚಾರ್ಮಾಡಿ ಘಾಟಿ ಮುಚ್ಚಿತು. ಗುಡ್ಡ ಜಾರುವುದಕ್ಕೆ ಒಂದೇ ಕಾರಣವಿಲ್ಲ. ಕೆಳಗೆ ಗಟ್ಟಿ ಬಂಡೆ, ಮೇಲೆ ಸಾವಿರಾರು ವರ್ಷ ಕೊಳೆತು ಮೆತ್ತಗಾದ ಮಣ್ಣು. ದಿನಗಟ್ಟಲೆ ಸುರಿದ ನೀರು ಮಣ್ಣಿನೊಳಗೆ ಇಳಿದು ಬಂಡೆಯ ಮೇಲೆ ನಿಂತರೆ ಮಣ್ಣಿನ ಕಣಗಳ ಹಿಡಿತ ಸಡಿಲುತ್ತದೆ. ಗುಡ್ಡದ ಬುಡವನ್ನು ರಸ್ತೆಗೋ ಮನೆಗೋ ಕಡಿದಿದ್ದರೆ ಆತುಕೊಳ್ಳಲು ಏನೂ ಇರುವುದಿಲ್ಲ. ಹಳೆಯ ತೋಡನ್ನು ಮುಚ್ಚಿದ್ದರೆ ನೀರು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ.

ನನ್ನ ಶಿಷ್ಯೆಯೊಬ್ಬಳ ಮನೆ ಆ ಮಳೆಯಲ್ಲಿ ಹೋಯಿತು. ಜೀವಕ್ಕೆ ಏನೂ ಆಗಲಿಲ್ಲ, ಅದೊಂದೇ ಸಮಾಧಾನ. ಪರಿಹಾರಕ್ಕೆ ಅರ್ಜಿ ಹಾಕುವಾಗ ಮನೆ ಎಲ್ಲಿತ್ತು, ತೋಟ ಎಲ್ಲಿಯವರೆಗೆ ಇತ್ತು ಎಂದು ಕೇಳಿದರು. ತೋರಿಸಲು ಏನಿದೆ? ಗಡಿಕಲ್ಲೂ ಇಲ್ಲ, ಬೇಲಿಯೂ ಇಲ್ಲ, ಕೆಂಪು ಕೆಸರು. ಅವಳ ತವರಿನಲ್ಲಿದ್ದ ಮದುವೆ ಆಲ್ಬಮ್ ತಂದು ನನ್ನ ಮುಂದೆ ಇಟ್ಟಳು. ಇಬ್ಬರೂ ಕನ್ನಡಕ ಹಾಕಿ ಕೂತೆವು. ದಿಬ್ಬಣದವರು, ಸೀರೆ, ಹಾರ, ಐಸ್‌ಕ್ರೀಂ ಕಪ್ಪು ಹಿಡಿದ ಮಕ್ಕಳು. ಎಲ್ಲರ ಹಿಂದೆ ಎಲ್ಲೋ ಒಂದು ಮೂಲೆಯಲ್ಲಿ ಅಂಗಳದ ಅಂಚು, ಹಲಸಿನ ಮರ, ಅದರಾಚೆ ಎದುರು ಗುಡ್ಡದ ಬಂಡೆಯ ತಲೆ. ಬಂಡೆ ಈಗಲೂ ಅಲ್ಲೇ ಇತ್ತು. ಬಂಡೆಯನ್ನು ಹಿಡಿದುಕೊಂಡು ಹಲಸಿನ ಮರ ಎಲ್ಲಿತ್ತು, ಮರ ಹಿಡಿದುಕೊಂಡು ಅಂಗಳ ಎಲ್ಲಿತ್ತು ಎಂದು ಜಾಗಕ್ಕೇ ಹೋಗಿ ನಿಂತು, ಫೋಟೋ ಎತ್ತಿ ಹಿಡಿದು, ಹಿಂದೆ ಮುಂದೆ ಸರಿದು ಪತ್ತೆ ಮಾಡಿದೆವು. ಇನ್ನೊಂದು ಚಿತ್ರದಲ್ಲಿ ಮನೆಯ ಹಿಂದಿನ ತೋಡು ಕಂಡಿತು. ಯಾವಾಗಲೋ ಕಾಫಿ ಗಿಡ ಇಡಲು ಮುಚ್ಚಿದ ತೋಡು. ಅವಳು ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು. “ಮಾವನವರು ಮುಚ್ಚಿಸಿದ್ದು ಟೀಚರ್. ಬೇಡ ಎಂದು ಅತ್ತೆ ಹೇಳಿದ್ದರು” ಎಂದಳು. ಅರ್ಜಿಯ ಜೊತೆ ಆ ಚಿತ್ರ ಕೊಡಲಿಲ್ಲ. ಉಳಿದ ಎರಡು ಕೊಟ್ಟಳು.

ಮನೆಗೆ ಬಂದು ಅಮ್ಮನ ಫೋಟೋ ನೋಡಿದೆ. ಸ್ಟುಡಿಯೋದವನು ಅವಳ ಹಿಂದೆ ತಿಳಿನೀಲಿ ಬಣ್ಣ ತುಂಬಿಸಿ ಕೊಟ್ಟಿದ್ದ. ನಾನೇ ಆರಿಸಿದ ಬಣ್ಣ. ಅವಳ ಎಡಗೈ ಗಾಳಿಯಲ್ಲಿ ಏನನ್ನೋ ಒತ್ತಿಕೊಂಡಂತೆ ಇದೆ. ಅಲ್ಲಿ ಬಂಡೆ ಇತ್ತು. ಬಂಡೆ ಎಷ್ಟು ಎತ್ತರ ಎಂದು ಅವಳನ್ನು ನಿಲ್ಲಿಸಿದ್ದರು. ಈಗ ಅವಳು ಎಷ್ಟು ಎತ್ತರವಿದ್ದಳು ಎಂದು ಹೇಳುವ ಬಂಡೆಯೂ ಇಲ್ಲ. ಅದೇ ಜಾಗಕ್ಕೆ ಹೋಗೋಣವೆಂದರೆ ತಾರೀಕು, ಸ್ಥಳ ನಾನು ಒಲೆಗೆ ಹಾಕಿದ ಕಾಗದದಲ್ಲಿತ್ತು, ಬೆಟ್ಟದ ಆ ಪಕ್ಕ ಗಣಿಯಲ್ಲಿ ಕರಗಿರಲೂ ಸಾಕು. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು; ಕೇಳಲು ಯಾರೂ ಇಲ್ಲ. ಯಾವುದೋ ಕಚೇರಿಯ ಕಪಾಟಿನಲ್ಲಿ, ಯಾವುದೋ ವರದಿಯ ಕಡತದಲ್ಲಿ ಅಮ್ಮ ಇನ್ನೂ ಇಡೀ ಬಂಡೆಯ ಪಕ್ಕ ಹೆಸರಿಲ್ಲದೆ ನಿಂತಿರಬಹುದು.

ಈಗ ಪ್ರತಿ ವರ್ಷ ಜನವರಿಯಲ್ಲಿ, ಹೊಳೆ ಇಳಿದ ಮೇಲೆ, ಒಂಬತ್ತನೇ ತರಗತಿಯ ಮಕ್ಕಳನ್ನು ಹೆಬ್ಬಾಳೆಗೆ ಕರೆದುಕೊಂಡು ಹೋಗುತ್ತೇನೆ. ಅಪ್ಪನ ಮೂರು ಚಿತ್ರಗಳ ನಕಲು ಕೈಯಲ್ಲಿರುತ್ತದೆ. ಕಲ್ಲು ಎಲ್ಲಿದೆ ಎಂದು ಹುಡುಕುವುದೇ ಅವರಿಗೆ ಆಟ. ಮೊಬೈಲಿನಲ್ಲಿ ಒಂದು ಗಳಿಗೆಯಲ್ಲಿ ನೂರು ಚಿತ್ರ ತೆಗೆಯುತ್ತಾರೆ. ನಾನು ಒಂದನ್ನು ಆರಿಸಿ ಪೇಟೆಯಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸುತ್ತೇನೆ. ಮೊಬೈಲು ಹೊಳೆಗೆ ಬಿದ್ದರೆ ನೂರೂ ಹೋಯಿತಲ್ಲ! ಕಳೆದ ಸಲ ಕಲ್ಲಿನ ಪಕ್ಕ ನಿಲ್ಲಲು ಯಾರೂ ಒಪ್ಪಲಿಲ್ಲ. ಚಪ್ಪಲಿ ಒದ್ದೆಯಾಗುತ್ತದೆ ಎಂದರು. ಕೊನೆಗೆ ಒಬ್ಬಳು ಲಂಗ ಎತ್ತಿ ಕಟ್ಟಿ ಇಳಿದಳು. ಓರೆಯಾಗಿ ನಿಂತು, “ಬೇಗ ತೆಗೀರಿ ಟೀಚರ್, ನೀರು ತಣ್ಣಗಿದೆ” ಎಂದು ಕೂಗಿದಳು. ಚಿತ್ರದ ಹಿಂದೆ ದಿನ, ಜಾಗ, ಯಾವ ಕಡೆಗೆ ನೋಡಿ ತೆಗೆದದ್ದು ಎಲ್ಲ ಬರೆದು, ಕೆಳಗೆ ಅವಳ ಹೆಸರನ್ನೂ ಅವಳ ಎತ್ತರವನ್ನೂ ಅವಳ ಕೈಯಿಂದಲೇ ಬರೆಸಿದೆ. ನಾಲ್ಕು ಅಡಿ ಹನ್ನೊಂದು ಅಂಗುಲ. ಐದು ಅಡಿ ಎಂದು ಬರೆಯಲು ನೋಡಿದಳು, ನಾನು ಬಿಡಲಿಲ್ಲ.