ಸಭೆಗೆ ಬಾರದ ಎರಡು ಕಡತಗಳು

ಬೆಂಗಳೂರನ್ನು ಕೆಡಿಸಿದ್ದು ಕಾರ್ಪೊರೇಟರ್‌ಗಳು ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನಗರ ಯೋಜನೆ ಕುರಿತ ಈಚಿನ ಬರಹಗಳದ್ದೂ ಅದೇ ರಾಗ. ಪಾಲಿಕೆಯ ವರದಿಗಾರಿಕೆಯಲ್ಲೇ ತಲೆ ನರೆತ ನನಗೆ ಇದನ್ನು ಒಪ್ಪುವುದು ಕಷ್ಟ. ಅವರು ಸಾಧುಗಳೆಂದಲ್ಲ, ಊರನ್ನು ಆ ಮಟ್ಟಕ್ಕೆ ಕೆಡಿಸುವಷ್ಟು ಅಧಿಕಾರ ಅವರ ಕೈಯಲ್ಲಿರಲಿಲ್ಲ.

1898ರ ಪ್ಲೇಗಿನ ಬೆನ್ನಿಗೇ ಬಸವನಗುಡಿ, ಮಲ್ಲೇಶ್ವರಗಳು ಬೆಳೆದ ಕತೆ ಎಲ್ಲರಿಗೂ ಗೊತ್ತು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಬಡಾವಣೆ ಮಾಡುವವರು ಒಬ್ಬರು, ಅದರ ಕಸ ಎತ್ತುವವರು ಇನ್ನೊಬ್ಬರು ಎಂಬ ಏರ್ಪಾಟು ಬೇರೂರಿದ್ದು ಆಗಲೇ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆ ಅದನ್ನು ಗಟ್ಟಿ ಮಾಡಿದವು. 1984ರ ಸಮಗ್ರ ಅಭಿವೃದ್ಧಿ ಯೋಜನೆಯಾಗಲಿ, 1995ರ ಪರಿಷ್ಕರಣೆಯಾಗಲಿ ಪಾಲಿಕೆ ಸಭೆ ತೀರ್ಮಾನಿಸಿದ್ದಲ್ಲ. ಬರೆದದ್ದು ಬಿಡಿಎ, ಮುದ್ರೆ ಒತ್ತಿದ್ದು ಸರ್ಕಾರ.

ನಮ್ಮ ಕಾಲದ ದೊಡ್ಡ ಜಗಳ ಶುರುವಾದದ್ದು 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾಯೋಜನೆ 2015ರಿಂದ. ಅದು ವಸತಿ ಪ್ರದೇಶವನ್ನು ‘ಮುಖ್ಯ’, ‘ಮಿಶ್ರ’ ಎಂದು ಒಡೆಯಿತು. ಮನೆಗಳ ಸಾಲಿನಲ್ಲಿ ಅಂಗಡಿ, ಕಚೇರಿ, ಪಬ್ಬುಗಳಿಗೆ ಎಷ್ಟು ಜಾಗ ಎಂಬುದು ಅಲ್ಲಿಂದ ಮುಂದೆ ಕೋರ್ಟಿನ ವಿಷಯವಾಯಿತು. ಕೋರಮಂಗಲ, ಇಂದಿರಾನಗರಗಳ ನಿವಾಸಿ ಸಂಘದವರು ವಲಯ ನಿಯಮಾವಳಿಯನ್ನು ಪಂಚಾಂಗದಂತೆ ಓದಿ ಅರಗಿಸಿಕೊಂಡವರು. ಸರ್ವೆ ನಂಬರು, ರಸ್ತೆಯ ಅಗಲ, ಸೆಟ್‌ಬ್ಯಾಕು, ಎಫ್‌ಎಆರ್, ಎಲ್ಲವೂ ಅವರಿಗೆ ಬಾಯಿಪಾಠ. ಈ ಊರಿನ ಯೋಜನಾ ಚರ್ಚೆಯಲ್ಲಿ ತಿರುಳಿರುವುದೆಲ್ಲ ಬಹುಪಾಲು ಅವರಿಂದಲೇ ಬಂದದ್ದು. ವಿಶ್ವವಿದ್ಯಾಲಯಗಳಿಂದ ಅಲ್ಲವೆಂದು ಬೇಸರದಿಂದಲೇ ಹೇಳಬೇಕು. ಆದರೆ ಕಾರ್ಪೊರೇಟರ್ ಎಂದರೆ ಮೂಗು ಮುರಿಯುವ ಚಾಳಿ ಅವರಿಗೂ ಇತ್ತು.

ಸಭೆಯೊಳಗೆ ಏನಾಗುತ್ತಿತ್ತು? ನಕ್ಷೆಯಲ್ಲಿ ಹಳದಿಯಿದ್ದ ತನ್ನ ವಾರ್ಡಿನ ಬೀದಿ ನೀಲಿ ಹೇಗಾಯಿತೆಂದು ಸದಸ್ಯರೊಬ್ಬರು ಎದ್ದು ಕೇಳುವರು. ಹಳದಿ ವಸತಿ, ನೀಲಿ ವಾಣಿಜ್ಯ. ‘ಭೂ ಉಪಯೋಗ ಬದಲಾವಣೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಅಧಿಕಾರಿ ಕೂರುವರು. ಅಲ್ಲಿಂದ ಗದ್ದಲ, ಬಾವಿಗಿಳಿದು ಧರಣಿ, ಸಭೆ ಮುಂದಕ್ಕೆ. ಮರುದಿನ ಪತ್ರಿಕೆಯಲ್ಲಿ ಗದ್ದಲ ಮಾತ್ರ ಅಚ್ಚಾಗುತ್ತಿತ್ತು, ಪ್ರಶ್ನೆ ಅಲ್ಲ.

ಇನ್ನೊಂದು ಕಡತ ಮೇಲ್ಸೇತುವೆಗಳದ್ದು. ಹೆಬ್ಬಾಳವನ್ನೇ ನೋಡಿ. 2003ರಲ್ಲಿ ತೆರೆದ ಈ ಜೋಡಣೆಗೆ ಐದು ವರ್ಷದೊಳಗೆ ದೇವನಹಳ್ಳಿ ವಿಮಾನ ನಿಲ್ದಾಣದ ಹೊರೆ ಬಿತ್ತು. ಉತ್ತರದಿಂದ ಬರುವ ಕಾರು, ಕೆ.ಆರ್. ಪುರ ಕಡೆಯಿಂದ ಏರಿ ಬರುವ ಬಸ್ಸು, ಎಲ್ಲವೂ ಮೇಖ್ರಿ ವೃತ್ತದತ್ತ ಇಳಿಯುವ ಕಡೆ ಲೇನುಗಳು ದಿಢೀರನೆ ಕಿರಿದಾಗುತ್ತಿದ್ದವು. ಸೇತುವೆಯ ವಿನ್ಯಾಸ ತಪ್ಪೆಂದು ಎಲ್ಲರೂ ಬೈದರು. ಊರಿನ ಹೊರಗೆ ಲಾರಿಗಳನ್ನು ಹಾಯಿಸಲೆಂದು ಕಟ್ಟಿದ ಹೊರವರ್ತುಲ ರಸ್ತೆಯ ಬದಿಯಲ್ಲಿ ನಾಗವಾರದಿಂದ ಬೆಳ್ಳಂದೂರಿನವರೆಗೆ ಟೆಕ್ ಪಾರ್ಕುಗಳು ಏಳಲು ಬಿಟ್ಟದ್ದು ಮಾತ್ರ ಯಾರ ಬೈಗುಳಕ್ಕೂ ಸಿಗಲಿಲ್ಲ. ತಮಾಷೆಯೆಂದರೆ ವರ್ತುಲ ರಸ್ತೆ, ಹೆಬ್ಬಾಳದ ಸೇತುವೆ, ಮಹಾಯೋಜನೆ ಮೂರೂ ಬಿಡಿಎಯವೇ. ನಕ್ಷೆ ಬರೆಯುವವರೂ ಸೇತುವೆ ಕಟ್ಟುವವರೂ ಒಂದೇ ಸೂರಿನ ಕೆಳಗಿದ್ದರು.

ಬೀದಿಗಿಳಿದ ಚರ್ಚೆಯೆಂದರೆ ಉಕ್ಕಿನ ಸೇತುವೆಯದು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸುಮಾರು 6.7 ಕಿ.ಮೀ., ಕಡಿಯಬೇಕಿದ್ದ ಮರಗಳು 800ಕ್ಕೂ ಹೆಚ್ಚು. 2016ರ ಅಕ್ಟೋಬರಿನಲ್ಲಿ ಜನ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಇದನ್ನು ನಾಗರಿಕರ ಗೆಲುವೆಂದು ಬರೆದವರು ಬಹಳ, ನಾನೂ ಬರೆದೆ, ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ಆ ಚರ್ಚೆ ನಡೆದದ್ದು ಬೀದಿಯಲ್ಲಿ, ಚುನಾಯಿತರ ಸಭೆಯಲ್ಲಲ್ಲ. ಸಂವಿಧಾನದ 74ನೇ ತಿದ್ದುಪಡಿ ಇಂಥ ಚರ್ಚೆಗೆಂದೇ ಮಹಾನಗರ ಯೋಜನಾ ಸಮಿತಿಯನ್ನು ಹೇಳಿತ್ತು. ಅದರಲ್ಲಿ ಮೂರನೇ ಎರಡು ಪಾಲು ಚುನಾಯಿತರಿರಬೇಕು. ಬೆಂಗಳೂರಿನಲ್ಲಿ ಅದು ರಚನೆಯಾದದ್ದು 2014ರಲ್ಲಿ, ತಿದ್ದುಪಡಿಯಾಗಿ ಎರಡು ದಶಕ ಕಳೆದ ಮೇಲೆ.

2031ರ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದು 2020ರಲ್ಲಿ ವಾಪಸಾಯಿತು. ಊರು ಇನ್ನೂ 2015ಕ್ಕೆಂದು ಬರೆದ ನಿಯಮಗಳ ಮೇಲೇ ನಡೆದಿತ್ತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ.

ಪಾಲಿಕೆ ಸಭೆಯ ನಡಾವಳಿಗಳನ್ನು ಕೂತು ಓದಿ ಬರೆದ ಒಂದು ಅಧ್ಯಯನವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಹಳದಿ, ನೀಲಿಯ ಪ್ರಶ್ನೆಗಳನ್ನು ಯಾರು, ಯಾವ ವಾರ್ಡಿನಿಂದ, ಯಾವ ಬೀದಿಗಾಗಿ ಕೇಳಿದರೆಂದು ಹುಡುಕಿದವರಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಕೊರೆಯುವ ಯೋಜನೆಯ ಬಗ್ಗೆಯಂತೂ ಅಂಥ ಪ್ರಶ್ನೆಗಳು ಮುಂದೆಯೂ ಸಿಗಲಿಕ್ಕಿಲ್ಲ. ಆ ಕಡತ ಸಿದ್ಧವಾದಾಗ ಪಾಲಿಕೆಯಲ್ಲಿ ಎದ್ದು ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ.