ಗರ್ಭಿಣಿಗೆ ಪಾಠ

ಚರಿತ್ರೆಯೆಂದರೆ ಅರಸರ ಯುದ್ಧಗಳು, ಸಂಧಿಗಳು, ಪಟ್ಟಾಭಿಷೇಕಗಳು ಎಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ಒಂದು ನಾಡು ತನ್ನ ಮಕ್ಕಳನ್ನು ಈ ಲೋಕಕ್ಕೆ ಹೇಗೆ ಬರಮಾಡಿಕೊಂಡಿತೆಂಬುದೂ ಚರಿತ್ರೆಯ ವಿಷಯವೇ ಸರಿ. ಪ್ರಸವಕ್ಕಾಗಿ ಗರ್ಭಿಣಿಯನ್ನು ಮೊದಲೇ ಸಿದ್ಧಪಡಿಸುವ ತರಗತಿಗಳು ಈಗ ನಮ್ಮ ನಗರಗಳಲ್ಲಿ ನಡೆಯುತ್ತಿವೆ. ಇವು ಪಾಶ್ಚಾತ್ಯರಿಂದ ಬಂದ ಹೊಸ ಬೆಡಗೆಂದು ಕೆಲವರು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಂದು ವಿಚಾರಿಸೋಣ.

ಮೊದಲು ನಮ್ಮ ಪ್ರಾಚೀನ ಗ್ರಂಥವನ್ನೇ ನೋಡಬಹುದು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗಾರದ ವಿವರವಿದೆ. ಗರ್ಭಿಣಿಯ ಬಳಿ ಇರತಕ್ಕ ಸ್ತ್ರೀಯರು ಅನೇಕ ಮಕ್ಕಳನ್ನು ಹೆತ್ತವರೂ, ಸ್ನೇಹಪರರೂ, ಕಷ್ಟಸಹಿಷ್ಣುಗಳೂ, ಆಕೆಯ ದುಗುಡವನ್ನು ಕಳೆಯಬಲ್ಲವರೂ ಆಗಿರಬೇಕೆಂದು ಅಲ್ಲಿ ಹೇಳಿದೆ. ಬೇನೆ ಬಾರದೆ ಮುಕ್ಕಬಾರದೆಂದೂ, ಅಕಾಲದಲ್ಲಿ ಮುಕ್ಕಿದರೆ ಶ್ರಮ ವ್ಯರ್ಥವಾಗಿ ಕೇಡುಂಟಾಗುವುದೆಂದೂ ಆಕೆಗೆ ತಿಳಿಸಬೇಕೆಂದು ವಿಧಿಸಿದೆ. ಹೆರುವವಳಿಗೆ ತಿಳಿವಳಿಕೆ ಕೊಡಬೇಕೆಂಬ ತತ್ತ್ವ ಇದರಲ್ಲಿ ಸ್ಪಷ್ಟವಾಗಿದೆ.

ಗ್ರಂಥವನ್ನು ಬಿಟ್ಟು ಹಳ್ಳಿಗೆ ಬರೋಣ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರುಗಳಲ್ಲಿ ತಲೆಮಾರುಗಳಿಂದ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವಳು ಸೂಲಗಿತ್ತಿ. ‘ಸೂಲು’ ಎಂದರೆ ಹೆರಿಗೆ. ಅದನ್ನು ನಡೆಸಿಕೊಡುವವಳು ಸೂಲಗಿತ್ತಿ. ಚೊಚ್ಚಲ ಬಸುರಿ ತವರಿಗೆ ಬರುವಳು. ಬೇನೆ ಬಂದಾಗ ಸೂಲಗಿತ್ತಿ ಆಕೆಯನ್ನು ನಡೆದಾಡಿಸಿ, ಬಿಸಿನೀರೆರೆದು, ಕುಕ್ಕರುಗಾಲಿನಲ್ಲಿ ಕೂರಿಸಿ, ಧೈರ್ಯ ಹೇಳುವಳು. ಆಕೆಯ ಮಾತೇ ಬಸುರಿಗೆ ಪಾಠ. ಆದರೆ ಆ ಪಾಠ ಬೇನೆಯ ಹೊತ್ತಿಗೆ ಮೊದಲಾಗುತ್ತಿತ್ತು. ಅದಕ್ಕೆ ಮುಂಚೆ ಹೆಣ್ಣುಮಗಳ ಕಿವಿಗೆ ಬೀಳುತ್ತಿದ್ದುದು ಬಹುಮಟ್ಟಿಗೆ ಅವರಿವರ ಕಷ್ಟದ ಕಥೆಗಳು. ಅವುಗಳಿಂದ ಭಯ ಬೆಳೆಯುತ್ತಿತ್ತು.

ಸೂಲಗಿತ್ತಿಯ ವಿದ್ಯೆಗೆ ಮಿತಿಯೂ ಇತ್ತು. ಶುದ್ಧಿಯಿಲ್ಲದ ಕುಡುಗೋಲಿನಿಂದ ಹೊಕ್ಕುಳುಬಳ್ಳಿಯನ್ನು ಕೊಯ್ದರೆ ಕೂಸಿಗೆ ಧನುರ್ವಾಯು ತಗಲುವುದುಂಟು. ರಕ್ತಸ್ರಾವ ನಿಲ್ಲದಿದ್ದರೆ ಆಕೆಯ ಕೈಯಲ್ಲಿ ತಕ್ಕ ಮದ್ದಿರಲಿಲ್ಲ. ಮಳವಳ್ಳಿ ತಾಲ್ಲೂಕಿಗೇ ಸೇರಿದ ಶಿವನಸಮುದ್ರದಿಂದ 1902ರಲ್ಲಿ ವಿದ್ಯುಚ್ಛಕ್ತಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಸುತ್ತಣ ಹಳ್ಳಿಗಳ ಹೆರಿಗೆಯ ಕೋಣೆಗಳಲ್ಲಾದರೋ ಆ ಬಳಿಕವೂ ಬಹುಕಾಲ ಎಣ್ಣೆಯ ದೀಪವೇ ಬೆಳಗುತ್ತಿತ್ತು.

ಮೈಸೂರು ಸಂಸ್ಥಾನ ಈ ಕೊರತೆಯನ್ನು ಕಾಣದೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೇ ಇಲ್ಲಿ ಸ್ತ್ರೀಯರಿಗೆ ಪ್ರಸೂತಿವಿದ್ಯೆಯಲ್ಲಿ ತರಬೇತು ಕೊಟ್ಟು ತಾಲ್ಲೂಕುಗಳಿಗೆ ಕಳುಹಿಸುವ ಪ್ರಯತ್ನಗಳು ನಡೆದುವು. 1930ರ ಜೂನ್ 11ರಂದು ಸರ್ಕಾರ ನಾಲ್ಕು ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆಮಾಡಿ, ಲೋಕದ ಗಮನವನ್ನೇ ಸೆಳೆಯಿತು. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿಯವರ ಹೆಸರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಯಿತು. ಮಂಡ್ಯದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮಾರೋಗ್ಯದ ಕಾರ್ಯವೂ ನಡೆಯಿತು.

ಇವೆಲ್ಲ ಸ್ತುತ್ಯವಾದ ಕಾರ್ಯಗಳು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿ ವಿದ್ಯಾರ್ಥಿನಿಯಾದವಳು ದಾದಿ. ಗರ್ಭಿಣಿ ಚಿಕಿತ್ಸೆಗೆ ಬರುವವಳು ಮಾತ್ರ. ಈ ಸ್ಥಿತಿ ನಮ್ಮ ಸೀಮೆಗೇ ಮೀಸಲಾಗಿರಲಿಲ್ಲ. ಯೂರೋಪಿನಲ್ಲಿಯೂ ಹಾಗೆಯೇ ಇತ್ತು. ಅಲ್ಲಿ ಮೊದಲು ದೊಡ್ಡ ದನಿಯೆತ್ತಿದವರಲ್ಲಿ ಒಬ್ಬನು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್. ‘ಸಹಜ ಪ್ರಸವ’ ಎಂಬರ್ಥದ ಹೆಸರಿನ ಅವನ ಗ್ರಂಥ 1933ರಲ್ಲಿ ಹೊರಬಂದಿತು. ಭಯದಿಂದ ಅಂಗಾಂಗಗಳು ಬಿಗಿಯುವುವು, ಬಿಗಿತದಿಂದ ನೋವು ಹೆಚ್ಚುವುದು, ನೋವು ಮತ್ತೆ ಭಯವನ್ನು ಬೆಳೆಸುವುದು. ಈ ಸುತ್ತನ್ನು ತಿಳಿವಳಿಕೆಯಿಂದ ಕಡಿಯಬಹುದೆಂಬುದು ಅವನ ವಾದ. ಸೋವಿಯತ್ ವೈದ್ಯರ ವಿಧಾನವನ್ನು ಕಂಡುಬಂದ ಫ್ರಾನ್ಸಿನ ಲಮಾಜ್ 1951ರ ಸುಮಾರಿಗೆ ಪ್ಯಾರಿಸಿನಲ್ಲಿ ಉಸಿರಾಟದ ಅಭ್ಯಾಸವನ್ನು ಪ್ರಚಾರಕ್ಕೆ ತಂದನು. ನಮ್ಮ ನಗರಗಳ ತರಗತಿಗಳು ಬಹುಮಟ್ಟಿಗೆ ಈ ಇಬ್ಬರ ಪರಂಪರೆಗೆ ಸೇರಿದುವು.

ಅಷ್ಟರಲ್ಲಿ ನಮ್ಮ ನಾಡಿನ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸಾಗಿತು. ರಾಷ್ಟ್ರೀಯ ಕುಟುಂಬಾರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡ 65ರಷ್ಟು ಆಸ್ಪತ್ರೆಗಳಲ್ಲಿ ಆದುವು. 2019–21ರ ಸಮೀಕ್ಷೆಯಲ್ಲಿ ಇದು ಶೇಕಡ 97. ಇದರಿಂದ ಉಳಿದ ಜೀವಗಳು ಅಸಂಖ್ಯಾತ. ಆದರೆ ಅದೇ ಸಮೀಕ್ಷೆಯಲ್ಲಿ ಶಸ್ತ್ರಕ್ರಿಯೆಯಿಂದಾದ ಹೆರಿಗೆ ಶೇಕಡ 31ಕ್ಕೂ ಮಿಕ್ಕಿತ್ತು. ಇದು ಶೇಕಡ 10ರಿಂದ 15ನ್ನು ಮೀರುವುದಕ್ಕೆ ಕಾರಣ ಕಾಣದೆಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿಯೇ ಹೇಳಿತ್ತು. ಸೂಲಗಿತ್ತಿಯ ಸ್ಥಾನವೂ ತೆರವಾಯಿತು. ಪಾವಗಡದ ಸೀಮೆಯಲ್ಲಿ 15,000ಕ್ಕೂ ಮೇಲ್ಪಟ್ಟು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಆ ತಿಂಗಳಲ್ಲಿಯೇ ಭಾರತ ಸರ್ಕಾರ ಪ್ರಸೂತಿವಿದ್ಯೆಯಲ್ಲಿ ವಿಶೇಷ ತರಬೇತಾದ ದಾದಿಯರನ್ನು ಸಿದ್ಧಪಡಿಸುವ ಮಾರ್ಗಸೂಚಿಯನ್ನು ಪ್ರಕಟಿಸಿತು.

ಹಾಗಾದರೆ ಗರ್ಭಿಣಿಗೆ ಕಲಿಸಬೇಕಾದುದೇನು? ವಿಷಯ ಬಹಳವಿಲ್ಲ. ಬೇನೆ ಅಲೆಯಂತೆ ಬಂದು ಹೋಗುವುದು; ಗರ್ಭಕೋಶದ ಬಾಯಿ ಮೆಲ್ಲಮೆಲ್ಲನೆ ಸುಮಾರು 10 ಸೆಂಟಿಮೀಟರು ತೆರೆಯಬೇಕು; ಚೊಚ್ಚಲಲ್ಲಿ ಇದಕ್ಕೆ ಹಲವು ಗಂಟೆ ಹಿಡಿಯುವುದು ಸಹಜ. ಬೇನೆಯ ನಡುವೆ ನಿಧಾನವಾಗಿ ಉಸಿರಾಡುವುದು, ಮಲಗಿಯೇ ಇರದೆ ನಡೆದಾಡುವುದು, ಹೊತ್ತು ಬಂದಾಗ ಮಾತ್ರ ಮುಕ್ಕುವುದು ಇವನ್ನು ಅಭ್ಯಾಸ ಮಾಡಿಸಬೇಕು. ರಕ್ತಸ್ರಾವ, ತೀವ್ರವಾದ ತಲೆನೋವು, ನೀರು ಒಡೆಯುವುದು, ಕೂಸಿನ ಚಲನೆ ಕುಗ್ಗುವುದು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ತಿಳಿಸಬೇಕು. ಜೊತೆಯಲ್ಲಿ ಆಕೆಗೆ ಬೇಕಾದವರೊಬ್ಬರು ಇರಬೇಕೆಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆಮಾಡಿದೆ. ಚರಕಸಂಹಿತೆಯ ಮಾತಿಗೂ ಇದಕ್ಕೂ ಎಷ್ಟು ಸಾಮ್ಯವಿದೆಯೆಂಬುದನ್ನು ಶ್ರೋತೃಗಳೇ ಕಾಣಬಹುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಸಿದ್ಧತೆಯೆಂಬುದು ಸಹಜ ಪ್ರಸವವೇ ಆಗುವುದೆಂಬ ಭರವಸೆಯಾಗಲಾರದು. ತಾಯಿಗೋ ಕೂಸಿಗೋ ಅಪಾಯವಿದ್ದರೆ ಶಸ್ತ್ರಕ್ರಿಯೆಯೇ ಧರ್ಮ. ಅದಕ್ಕೆ ಒಳಗಾದವಳು ಸೋತಳೆಂದು ಯಾರೂ ಎಣಿಸಬಾರದು. ತಿಳಿದವಳು ಯಾವ ಸ್ಥಿತಿಯಲ್ಲಿಯೂ ಪ್ರಶ್ನೆ ಕೇಳಬಲ್ಲಳು, ಕೇಳಿ ಒಪ್ಪಬಲ್ಲಳು.

ಈ ತರಗತಿಗಳಿಗೆ ಹಣ ತೆತ್ತು ಹೋಗಬಲ್ಲವರು ನಗರದವರು. ಪೂರಿಗಾಲಿಯ ಚೊಚ್ಚಲ ಬಸುರಿಗೆ ಅದು ದೂರದ ಮಾತು. ಆಕೆಯ ಊರಿನಂಥ ಹಳ್ಳಿಗಳಿಗೆ ಅಂಗನವಾಡಿಯಿದೆ, 2005ರಿಂದೀಚೆಗೆ ಏರ್ಪಟ್ಟ ಆಶಾ ಕಾರ್ಯಕರ್ತೆಯರ ವ್ಯವಸ್ಥೆಯಿದೆ, ತಿಂಗಳಿಗೊಮ್ಮೆ ಆರೋಗ್ಯ ಮತ್ತು ಪೌಷ್ಟಿಕತೆಯ ದಿನವನ್ನು ನಡೆಸುವ ಏರ್ಪಾಡಿದೆ. ಚುಚ್ಚುಮದ್ದು ಮಾತ್ರೆಗಳ ಜೊತೆಗೆ ಅಲ್ಲಿಯೇ ಒಂದು ಗಂಟೆಯ ಪಾಠವನ್ನು ಸೇರಿಸಿದರೆ ಹೊಸ ಕಟ್ಟಡವೂ ಬೇಡ, ಹೆಚ್ಚಿನ ವೆಚ್ಚವೂ ಬೇಡ. ಹೆತ್ತು ಅನುಭವವುಳ್ಳ ಹಿರಿಯ ಹೆಂಗಸರೂ, ತರಬೇತಾದ ದಾದಿಯೂ ಒಟ್ಟಿಗೆ ಕುಳಿತು ಕಲಿಸುವಂತಾಗಬೇಕು. ನೂರು ವರ್ಷಕ್ಕೂ ಹಿಂದೆ ಸಂಸ್ಥಾನ ದಾದಿಯನ್ನು ಶಾಲೆಗೆ ಕರೆಯಿತು; ಗರ್ಭಿಣಿಯನ್ನೂ ಕರೆಯುವ ಕೆಲಸ ಈಗ ನಮ್ಮ ಪಾಲಿಗೆ ಉಳಿದಿದೆ.