ಚನ್ನಗಿರಿ ಸೀಮೆಯ ಅಡಿಕೆ ಮತ್ತು ಜಿಐ ಮಾನ್ಯತೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಜಿಲ್ಲೆ ರಚನೆಯಾದಾಗ ಮೊದಲೆರಡು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಈಚೆಗೆ ಬೇರ್ಪಟ್ಟದ್ದು. ಊರಿನ ಹೆಸರು ಹೊತ್ತ ಉತ್ಪನ್ನಕ್ಕೆ ಸಿಗುವ ಕಾನೂನು ರಕ್ಷಣೆ, ಅಂದರೆ ಜಿಐ (ಭೌಗೋಳಿಕ ಸೂಚಕ) ಟ್ಯಾಗ್, ರೈತನ ಕೈಗೆ ಎಷ್ಟು ದುಡ್ಡು ತರುತ್ತದೆ ಎಂದು ಅಳೆಯಲು ಈ ಸೀಮೆ ತಕ್ಕ ಜಾಗ.

ಭೌಗೋಳಿಕ ಸೂಚಕಗಳ ಕಾಯ್ದೆ 1999ರದ್ದು. ಜಾರಿಗೆ ಬಂದದ್ದು 2003ರಲ್ಲಿ. ಕರ್ನಾಟಕದಲ್ಲಿ ಕೊಡಗಿನ ಕಿತ್ತಳೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೊದಮೊದಲು ನೋಂದಣಿಯಾದವು. ರಸಬಾಳೆಗೆ ಮಾನ್ಯತೆ ಸಿಕ್ಕರೂ ಪನಾಮಾ ಸೊರಗು ರೋಗದಿಂದ ಹೆಚ್ಚಿನ ತೋಟಗಳು ಉಳಿಯಲಿಲ್ಲ. ಬೆಂಗಳೂರು ಗುಲಾಬಿ ಈರುಳ್ಳಿಯ ಕಥೆ ಬೇರೆ. 2023ರಲ್ಲಿ ಕೇಂದ್ರವು ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದಾಗ, ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರವಿದ್ದ ಈ ತಳಿಗೆ ವಿನಾಯಿತಿ ಸಿಕ್ಕಿತು. ಹೆಸರು ನೇರವಾಗಿ ರೈತನ ನೆರವಿಗೆ ಬಂದ ಇಂಥ ನಿದರ್ಶನಗಳು ವಿರಳ.

ಅಡಿಕೆಗೆ 2019ರಲ್ಲಿ 'ಶಿರಸಿ ಸುಪಾರಿ' ಎಂದು ಮಾನ್ಯತೆ ಬಂತು. ಅದರ ಗಡಿ ಶಿರಸಿ, ಸಿದ್ದಾಪುರ, ಯಲ್ಲಾಪುರ. ಅರ್ಜಿಯ ಹಿಂದೆ ಇದ್ದದ್ದು 1923ರಿಂದ ನಡೆದುಬಂದ ತೋಟಗಾರರ ಸಹಕಾರಿ ಮಾರಾಟ ಸಂಘ. ಚನ್ನಗಿರಿ ಆ ಗಡಿಯ ಹೊರಗಿದೆ. ಆದರೂ 'ಚನ್ನಗಿರಿ ರಾಶಿ' ಎಂದರೆ ವ್ಯಾಪಾರಿಗೆ ಬೇರೇನೂ ವಿವರಿಸಬೇಕಿಲ್ಲ: ಎಳೆಯದಾಗಿರುವಾಗಲೇ ಕೊನೆ ಇಳಿಸಿ, ಸುಲಿದು, ಬೇಯಿಸಿ, ಚೊಗರು (ಬೇಯಿಸಿ ಉಳಿದ ಗಟ್ಟಿ ರಸ) ಹಿಡಿಸಿ ಒಣಗಿಸಿದ ಕೆಂಪಡಿಕೆ. ತೋಟವನ್ನೇ ಚೇಣಿಗೆ (ಗುತ್ತಿಗೆಗೆ) ಹಿಡಿಯುವವರು, ಸುಲಿಯುವ ಹೆಂಗಸರು, ತುಮ್ಕೋಸ್‌ನಂಥ ಸಹಕಾರ ಸಂಘ, ಪತ್ರಿಕೆಯಲ್ಲಿ ದಿನವೂ ಬರುವ ಪೇಟೆ ಧಾರಣೆ, ಇವೆಲ್ಲ ಸೇರಿ ಈ ಹೆಸರನ್ನು ಕಟ್ಟಿವೆ. ಭದ್ರಾ ನಾಲೆಯ ನೀರು ಹರಿದಲ್ಲಿ ಎಷ್ಟೋ ಗದ್ದೆ ತೋಟವಾಯಿತು. 'ಚನ್ನಗಿರಿ ರಾಶಿ' ಹೆಸರಿಗೂ ಜಿಐ ಸಿಕ್ಕರೆ ಕಲಬೆರಕೆ ಮಾಲು ಅದರಡಿ ಮಾರಾಟವಾಗದಂತೆ ತಡೆಯಲು ಆಧಾರ ಸಿಗಬಹುದು. ಆದರೆ ಧಾರಣೆಯನ್ನು ಏರಿಸುವ, ಇಳಿಸುವ ಆಮದು ನೀತಿ, ಗುಟ್ಕಾ ನಿಷೇಧಗಳ ಮುಂದೆ ಅದರ ಬಲ ಕಡಿಮೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದ್ದನ್ನೂ ಯಾವ ಮುದ್ರೆಯೂ ಅಳಿಸದು.

ಈ ಅಡಿಕೆ ಸೀಮೆಗೆ ಪ್ರತಿಯಾಗಿ ಜಗಳೂರು ಹೆಚ್ಚಾಗಿ ಮಳೆಯಾಶ್ರಿತ ಬಯಲು. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಅಲ್ಲಿನ ಮುಖ್ಯ ಬೆಳೆ. 2020ರ ಕಿರು ಆಹಾರ ಸಂಸ್ಕರಣಾ ಯೋಜನೆಯಡಿ 'ಒಂದು ಜಿಲ್ಲೆ ಒಂದು ಉತ್ಪನ್ನ'ವಾಗಿ ದಾವಣಗೆರೆಗೆ ಬಂದದ್ದು ಸಿರಿಧಾನ್ಯ. ಅದು ಯಂತ್ರಕ್ಕೆ, ಪ್ಯಾಕಿಂಗ್‌ಗೆ ಸಹಾಯಧನ ಕೊಡುವ ಯೋಜನೆ, ಹೆಸರಿನ ಹಕ್ಕಲ್ಲ. ಹಕ್ಕು ಬೇಕಾದರೆ ಬೆಳೆಗಾರರ ಸಂಘದಂಥ ಸಂಸ್ಥೆಯೊಂದು ಗಡಿ ಗುರುತಿಸಿ, ಬೆಳೆಯ ಗುಣ ಇಲ್ಲವೇ ಹೆಸರುವಾಸಿ ಮುಖ್ಯವಾಗಿ ಆ ಸೀಮೆಯಿಂದಲೇ ಬಂದದ್ದೆಂದು ದಾಖಲೆ ಸಮೇತ ಚೆನ್ನೈನ ನೋಂದಣಿ ಕಚೇರಿಯಲ್ಲಿ ಸಾಬೀತುಪಡಿಸಬೇಕು. ಆಮೇಲೂ ಪ್ರತಿ ಬೆಳೆಗಾರ ಅಧಿಕೃತ ಬಳಕೆದಾರನಾಗಿ ಹೆಸರು ಬರೆಸಿಕೊಳ್ಳಬೇಕು, ಹತ್ತು ವರ್ಷಕ್ಕೊಮ್ಮೆ ನವೀಕರಣವಾಗಬೇಕು.